ಬೇಡವೆಂದವನ ಚಿತ್ರ

ಅಂಚೆಚೀಟಿ, ಹಳೆಯ ನಾಣ್ಯಗಳನ್ನು ಕೂಡಿಡುವ ಹವ್ಯಾಸ ನಮ್ಮ ವಿದ್ಯಾರ್ಥಿಗಳಿಗೆ ಹೊಸದಲ್ಲ. ಅಮೆರಿಕದಲ್ಲಿ ಅದೇ ಅಕ್ಕರೆಯಿಂದ ಬೇಸ್‌ಬಾಲ್ ಆಟಗಾರರ ಚಿತ್ರಚೀಟಿಗಳನ್ನು ಸಂಗ್ರಹಿಸುತ್ತಾರೆ. ಅವುಗಳಲ್ಲೆಲ್ಲ ಹೆಸರಾದದ್ದು ಎರಡೂವರೆ ಅಂಗುಲಕ್ಕಿಂತ ತುಸು ಉದ್ದದ ಒಂದು ರಟ್ಟಿನ ತುಂಡು. ಅದರ ಮೇಲಿರುವ ಮುಖ ಹೋನಸ್ ವ್ಯಾಗ್ನರನದು. ಚೀಟಿಯ ಬೆಲೆಯನ್ನು ಕೇಳಿ ಬೆರಗಾಗುವವರು ಬಹುಮಂದಿ. ಆ ಮನುಷ್ಯನ ಬಾಳನ್ನು ಅರಿತರೆ ಬೆರಗು ಬೇರೊಂದು ಬಗೆಯದಾಗುತ್ತದೆಂದು ನನ್ನ ಭಾವನೆ.

ವ್ಯಾಗ್ನರ್ ಹುಟ್ಟಿದ್ದು 1874ರ ಫೆಬ್ರವರಿ 24ರಂದು, ಪೆನ್ಸಿಲ್ವೇನಿಯಾದ ಪಿಟ್ಸ್‌ಬರ್ಗ್ ನಗರದ ಸಮೀಪದಲ್ಲಿ. ತಂದೆತಾಯಿಗಳು ಜರ್ಮನಿಯಿಂದ ವಲಸೆ ಬಂದವರು. ಹನ್ನೆರಡರ ಹರೆಯದಲ್ಲೇ ಬಾಲಕ ಕಲ್ಲಿದ್ದಲ ಗಣಿಗೆ ಇಳಿದ. ಬಿಡುವಿನ ವೇಳೆಯಲ್ಲಿ ಸೋದರರೊಡನೆ ಕಲಿತ ಆಟ ಅವನನ್ನು ಕತ್ತಲಿನಿಂದ ಮೇಲೆತ್ತಿತು. 1897ರಲ್ಲಿ ಲೂಯಿವಿಲ್ ತಂಡವನ್ನು ಸೇರಿ, 1900ರಿಂದ 1917ರವರೆಗೆ ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡದಲ್ಲಿ ಆಡಿದ. ದಪ್ಪ ಮೈಕಟ್ಟು, ಬಾಗಿದ ಕಾಲುಗಳು, ನೀಳ ತೋಳುಗಳು. ನೋಟಕ್ಕೆ ಒಡ್ಡೊಡ್ಡಾಗಿದ್ದರೂ ಓಟದಲ್ಲಿ ಮಿಂಚು. ದಾಂಡಿನ ಹೊಡೆತದ ಸರಾಸರಿಯಲ್ಲಿ 8 ಬಾರಿ ನ್ಯಾಷನಲ್ ಲೀಗಿನ ಅಗ್ರಸ್ಥಾನ ಪಡೆದ. 1909ರ ವಿಶ್ವ ಸರಣಿಯಲ್ಲಿ ಟೈ ಕಾಬ್‌ನ ಡೆಟ್ರಾಯಿಟ್ ತಂಡವನ್ನು ಪೈರೇಟ್ಸ್ ಸೋಲಿಸಿದಾಗ, ಎದುರಾಳಿಗಳ ಕಣ್ಣು ತಪ್ಪಿಸಿ ಮುಂದಿನ ಠಾಣೆಗೆ ಓಡುವ ಸಾಹಸವನ್ನು 6 ಸಲ ಮಾಡಿದ.

ಅದೇ 1909ರಲ್ಲಿ ಅಮೆರಿಕನ್ ಟೊಬ್ಯಾಕೊ ಕಂಪೆನಿ ಸಿಗರೇಟು ಪೊಟ್ಟಣಗಳಲ್ಲಿ ಆಟಗಾರರ ಚಿತ್ರಗಳನ್ನು ಇಡಲಾರಂಭಿಸಿತು. ಪೊಟ್ಟಣಕ್ಕೆ ಬಿಗಿ, ಮಾರಾಟಕ್ಕೆ ಆಕರ್ಷಣೆ. ವ್ಯಾಗ್ನರ್ ಮಾತ್ರ ಒಪ್ಪಲಿಲ್ಲ. ಒಪ್ಪಿಗೆ ಪಡೆದುಕೊಟ್ಟರೆ 10 ಡಾಲರ್ ದೊರೆಯಲಿದ್ದ ಪತ್ರಕರ್ತ ಮಿತ್ರನಿಗೆ ನಷ್ಟವಾಗಬಾರದೆಂದು ಅಷ್ಟೇ ಮೊತ್ತದ ಚೆಕ್ಕನ್ನು ತಾನೇ ಕಳುಹಿಸಿದನೆಂದು 1912ರ ಪತ್ರಿಕಾ ವರದಿಯೊಂದು ತಿಳಿಸುತ್ತದೆ. ಅಷ್ಟರಲ್ಲಿ ಕೆಲವು ಚೀಟಿಗಳು ಹೊರಬಿದ್ದಿದ್ದವು, ಮುದ್ರಣ ನಿಂತಿತು.

ನಿರಾಕರಣೆಗೆ ಕಾರಣವೇನು? ಮಕ್ಕಳು ಚಿತ್ರದಾಸೆಗೆ ಹೊಗೆಸೊಪ್ಪು ಕೊಳ್ಳಬಾರದೆಂಬುದು ಅವನ ಇಚ್ಛೆ ಎನ್ನುವರು ಹಲವರು. ತಕ್ಕ ಹಣ ಸಿಗದ್ದೇ ಕಾರಣ ಎನ್ನುವರು ಕೆಲವರು. ಆತ ಸ್ವತಃ ಹೊಗೆಸೊಪ್ಪನ್ನು ಅಗಿಯುತ್ತಿದ್ದುದು ನಿಜ. ಅವನ ಚಿತ್ರ ಹಿಂದೊಮ್ಮೆ ಚುಟ್ಟದ ಜಾಹೀರಾತಿನಲ್ಲಿ ಬಂದಿದ್ದುದೂ ನಿಜ. ಆದರೆ ತನ್ನ ಕೈಯಿಂದಲೇ 10 ಡಾಲರ್ ತೆತ್ತವನನ್ನು ಹಣದಾಸೆಯವನೆನ್ನಲು ನನ್ನ ಮನಸ್ಸು ಒಪ್ಪದು. ತನಗಿದ್ದ ಚಟವೇ ಮಕ್ಕಳಿಗೆ ಬೇಡವೆನ್ನುವ ತಂದೆಯರನ್ನು ನಾವು ನಮ್ಮ ಮನೆಗಳಲ್ಲೇ ಕಾಣುವುದಿಲ್ಲವೆ?

1933ರಲ್ಲಿ ಹಳೆಯ ತಂಡ ಅವನನ್ನು ತರಬೇತುದಾರನಾಗಿ ಕರೆಯಿತು. 1936ರಲ್ಲಿ ಕೀರ್ತಿಮಂದಿರಕ್ಕೆ ಮೊತ್ತಮೊದಲು ಆಯ್ಕೆಯಾದ ಐವರಲ್ಲಿ ಆತನೂ ಒಬ್ಬ; ಬೇಬ್ ರೂತ್‌ಗೆ ಬಂದಷ್ಟೇ, ಅಂದರೆ 215 ಮತಗಳು ಅವನಿಗೂ ಬಂದವು. 1955ರ ಡಿಸೆಂಬರ್ 6ರಂದು ತೀರಿಕೊಂಡ.

ಈ ಚೀಟಿಗಳ ಮಾಲೆಗೆ ಟಿ-206 ಎಂಬ ಹೆಸರಿತ್ತವನು ಜೆಫರ್ಸನ್ ಬರ್ಡಿಕ್. ಸಂಧಿವಾತದಿಂದ ನರಳುತ್ತಲೇ ಸಂಗ್ರಹಿಸಿದ 3 ಲಕ್ಷಕ್ಕೂ ಮಿಕ್ಕ ಮುದ್ರಿತ ಚೀಟಿಗಳನ್ನು ಆತ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯಕ್ಕೆ ದಾನವಿತ್ತು, 1963ರಲ್ಲಿ ಕಣ್ಮುಚ್ಚಿದ. ವ್ಯಾಗ್ನರನ ಚೀಟಿಯೂ ಅದರಲ್ಲಿ ಸೇರಿದೆ. ಉಳಿದಿರುವುವೆಂದು ತಿಳಿದವು ಸುಮಾರು 60. ಅವುಗಳಲ್ಲೊಂದು 2022ರಲ್ಲಿ 72.5 ಲಕ್ಷ ಡಾಲರಿಗೆ ಮಾರಾಟವಾಯಿತು. ವ್ಯಾಗ್ನರ್ ಅಂದು ಸುಮ್ಮನೆ ಒಪ್ಪಿದ್ದರೆ, ಅವನ ಚಿತ್ರವೂ ಸಾವಿರಾರು ಚಿತ್ರಗಳಲ್ಲಿ ಒಂದಾಗಿ ಕಸದ ಬುಟ್ಟಿ ಸೇರುತ್ತಿತ್ತು. ಸಂಗ್ರಾಹಕರು ಕೊಳ್ಳುತ್ತಿರುವುದು ಅವನ ಮುಖವನ್ನಲ್ಲ, ಅವನು ಬೇಡವೆಂದ ಆ ಒಂದು ಮಾತನ್ನು ಎಂದೇ ನನಗೆ ತೋರುತ್ತದೆ.