ಮೂರೇ ಸೀಟು, ಒಂದೇ ಜಿಲ್ಲೆ: ಶಾಂತವೇರಿ ಗೋಪಾಲಗೌಡರು ಗೆದ್ದಿದ್ದೇನು?

ಪಕ್ಷಗಳ ಸೀಟು ಎಣಿಸುವವರಿಗೆ 1972ರ ಫಲಿತಾಂಶದಲ್ಲಿ ಸೋಷಲಿಸ್ಟ್ ಪಾರ್ಟಿ ಕಣ್ಣಿಗೇ ಬೀಳೋದಿಲ್ಲ. ಜಿಲ್ಲೆಗಳ ಪಟ್ಟಿ ಓದುವವರಿಗೆ ಮಾತ್ರ ಅಲ್ಲೊಂದು ಬೇರೆ ಕತೆ ಸಿಗುತ್ತೆ.

ಆ ವರ್ಷ ಮೈಸೂರು ರಾಜ್ಯದ ವಿಧಾನಸಭೆಯಲ್ಲಿದ್ದದ್ದು 216 ಸ್ಥಾನ. ಇಂದಿರಾ ಗಾಂಧಿಯವರ ಕಾಂಗ್ರೆಸ್ 165 ಗೆದ್ದಿತು. ದೇವರಾಜ ಅರಸು ಮುಖ್ಯಮಂತ್ರಿಯಾದರು. ಆ ಅಲೆಯಲ್ಲಿ ಹಳೇ ಕಾಂಗ್ರೆಸ್ಸೇ 24ಕ್ಕೆ ಇಳಿಯಿತು. ಸೋಷಲಿಸ್ಟ್ ಪಾರ್ಟಿಗೆ ಸಿಕ್ಕಿದ್ದು ಮೂರೇ ಮೂರು. ಸೊರಬದಲ್ಲಿ ಎಸ್. ಬಂಗಾರಪ್ಪ, ಸಾಗರದಲ್ಲಿ ಕಾಗೋಡು ತಿಮ್ಮಪ್ಪ, ತೀರ್ಥಹಳ್ಳಿಯಲ್ಲಿ ಕೋಣಂದೂರು ಲಿಂಗಪ್ಪ. ಮೂರೂ ಶಿವಮೊಗ್ಗ ಜಿಲ್ಲೆಯವು. ಅದೂ ಮಲೆನಾಡಿನ ತಾಲೂಕುಗಳು.

ಇಡೀ ರಾಜ್ಯದಲ್ಲಿ ನೆಲಕಚ್ಚಿದ ಪಕ್ಷ ಇದೊಂದು ಮೂಲೆಯಲ್ಲಿ ಹೇಗೆ ನಿಂತುಕೊಳ್ತು? ಉತ್ತರ ಬೇಕಾದರೆ ಆ ಚುನಾವಣೆಯಲ್ಲಿ ನಿಲ್ಲದೇ ಇದ್ದ ಒಬ್ಬ ಮನುಷ್ಯನ ಬದುಕನ್ನು ನೋಡಬೇಕು. ಎರಡು ಅವಧಿಗೆ ತೀರ್ಥಹಳ್ಳಿಯ ಶಾಸಕರಾಗಿದ್ದ ಶಾಂತವೇರಿ ಗೋಪಾಲಗೌಡರು ಆ ಹೊತ್ತಿಗೆ ಕಾಯಿಲೆಯಿಂದ ಹಣ್ಣಾಗಿದ್ದರು. 1972ರ ಜೂನ್ 9ರಂದು ತೀರಿಕೊಂಡರು. ಆಗ ಅವರಿಗೆ 49 ವರ್ಷ.

ಆರಗದ ಹುಡುಗ

ಗೋಪಾಲಗೌಡರು ಹುಟ್ಟಿದ್ದು 1923ರ ಮಾರ್ಚ್ 14ರಂದು, ತೀರ್ಥಹಳ್ಳಿ ತಾಲೂಕಿನ ಆರಗದಲ್ಲಿ. ಗೌಡ ಅನ್ನೋ ಹೆಸರು ನೋಡಿ ಜಮೀನ್ದಾರರ ಮನೆ ಅಂದುಕೊಳ್ಳಬೇಡಿ, ಬಡತನದ ಮನೆ ಅದು. ವಿದ್ಯಾರ್ಥಿಯಾಗಿದ್ದಾಗಲೇ ಕ್ವಿಟ್ ಇಂಡಿಯಾ ಚಳವಳಿಗೆ ಇಳಿದು ಜೈಲು ಸೇರಿದರು. ಹೊರಗೆ ಬಂದ ಮೇಲೆ ಆ ಪೀಳಿಗೆಯ ಎಷ್ಟೋ ಹುಡುಗರ ಹಾಗೆ ಸಮಾಜವಾದಿಗಳ ಜೊತೆ ಸೇರಿಕೊಂಡರು.

ಅವರ ಕಣ್ಣೆದುರಿಗಿದ್ದ ಮಲೆನಾಡು ಎಂಥದ್ದು ಅಂತ ತಿಳಿಯದೆ ಮುಂದಿನದು ಅರ್ಥವಾಗೋದಿಲ್ಲ. ಗದ್ದೆ, ತೋಟ ಕೆಲವೇ ಮನೆತನಗಳ ಕೈಯಲ್ಲಿ. ಉಳುವವರು ಗೇಣಿಗೆ. ಗೇಣಿ ಒಪ್ಪಂದ ಬಾಯಿಮಾತಿನದು, ಕಾಗದಪತ್ರ ಇಲ್ಲ. ಒಡೆಯರಿಗೆ ಬೇಡವಾದ ದಿನ ಗದ್ದೆ ಬಿಟ್ಟು ಎದ್ದು ಹೋಗಬೇಕು. ಸುಗ್ಗಿ ಮುಗಿದ ಮೇಲೆ ಕಣದಲ್ಲಿ ಭತ್ತ ಅಳೆಯುವ ಕೊಳಗವೂ ಒಡೆಯರದ್ದೇ. ಒಡೆಯರಲ್ಲಿ ಲಿಂಗಾಯತರು, ಬ್ರಾಹ್ಮಣರು ಇದ್ದಂತೆ ಗೋಪಾಲಗೌಡರ ಸ್ವಂತ ಜಾತಿಯಾದ ಒಕ್ಕಲಿಗರೂ ಇದ್ದರು. ಸಾಗರ, ಸೊರಬದ ಕಡೆ ಗೇಣಿದಾರರಲ್ಲಿ ಬಹುಪಾಲು ದೀವರು.

ಕಾಗೋಡಿನ ಕೊಳಗ

ಸಾಗರ ತಾಲೂಕಿನ ಕಾಗೋಡಿನಲ್ಲಿ ಜಗಳ ಹುಟ್ಟಿದ್ದೇ ಈ ಕೊಳಗದಿಂದ. ಗೇಣಿ ಭತ್ತವನ್ನು ರೂಢಿಗಿಂತ ದೊಡ್ಡ ಕೊಳಗದಲ್ಲಿ ಅಳೆಸಿಕೊಳ್ಳುತ್ತಿದ್ದರು ಅನ್ನೋದು ರೈತರ ದೂರು. ಮೇಷ್ಟ್ರಾಗಿದ್ದ ಎಚ್. ಗಣಪತಿಯಪ್ಪ ಊರೂರು ತಿರುಗಿ ಗೇಣಿದಾರರ ರೈತ ಸಂಘ ಕಟ್ಟಿದ್ದರು. ಸರಿಯಾದ ಅಳತೆ ಬೇಕು, ಮರ್ಯಾದೆಯಿಂದ ನಡೆಸಿಕೊಳ್ಳಬೇಕು ಅಂತ ಕೇಳಿದ್ದಕ್ಕೆ ಸಿಕ್ಕ ಉತ್ತರ, ಉಳುವ ಗದ್ದೆಯಿಂದಲೇ ಹೊರಗೆ ಹಾಕಿದ್ದು.

1951ರ ಏಪ್ರಿಲ್‌ನಲ್ಲಿ ರೈತರು ಅದೇ ಗದ್ದೆಗೆ ನೇಗಿಲು ಹೊತ್ತು ಹೋದರು. ಪೊಲೀಸರು ಬಂಧಿಸಿದರು. ಮರುದಿನ ಇನ್ನೊಂದು ತಂಡ ಹೋಯಿತು. ಅವರನ್ನೂ ಬಂಧಿಸಿದರು. ಹೀಗೆ ದಿನಕ್ಕೊಂದು ತಂಡ. ಸೋಷಲಿಸ್ಟ್ ಪಾರ್ಟಿ ಈ ಹೋರಾಟವನ್ನು ಹೆಗಲಿಗೆ ತೆಗೆದುಕೊಂಡಾಗ ಮುಂದೆ ನಿಂತವರಲ್ಲಿ 28ರ ಗೋಪಾಲಗೌಡರೂ ಒಬ್ಬರು. ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಕಾಗೋಡಿಗೆ ಬಂದರು, ಅವರ ಬಂಧನವೂ ಆಯಿತು. ದೊಡ್ಡ ಊರಿನವರು ಹೆಸರೇ ಕೇಳದ ಹಳ್ಳಿಯೊಂದು ದೇಶದ ಸುದ್ದಿಯಾಯಿತು.

ಇಲ್ಲಿ ಒಂದು ಮಾತು ಗಮನಿಸಿ. ಸ್ವಾತಂತ್ರ್ಯ ಬಂದು ನಾಲ್ಕು ವರ್ಷವೂ ಆಗಿರಲಿಲ್ಲ. ಬಂಧಿಸುತ್ತಿದ್ದ ಸರ್ಕಾರ ಬ್ರಿಟಿಷರದ್ದಲ್ಲ, ಕಾಂಗ್ರೆಸ್‌ನದು. ಜೈಲಿಗೆ ಹೋದ ಗೋಪಾಲಗೌಡರೂ, ಜೈಲಿಗೆ ಕಳಿಸಿದ ಸರ್ಕಾರದ ಮಂತ್ರಿಗಳೂ ಒಂಬತ್ತು ವರ್ಷದ ಹಿಂದೆ ಒಂದೇ ಚಳವಳಿಯಲ್ಲಿದ್ದವರು. ಅಧಿಕಾರಕ್ಕೆ ಬಂದ ಕೂಡಲೇ ಚಳವಳಿ ಹೇಗೆ ಒಡೆಯರ ಪಕ್ಕ ಹೋಗಿ ನಿಲ್ಲುತ್ತದೆ ಅನ್ನೋದನ್ನು ಅವರು ಪುಸ್ತಕ ಓದಿ ಕಲಿಯಬೇಕಾಗಲಿಲ್ಲ.

ಒಂದು ವೋಟು, ಜೊತೆಗೊಂದು ನೋಟು

ಇದಾಗಿ ಕೆಲವೇ ತಿಂಗಳಿಗೆ ಮೊದಲ ಸಾರ್ವತ್ರಿಕ ಚುನಾವಣೆ. ಗೋಪಾಲಗೌಡರು ನಿಂತಿದ್ದು ಸಾಗರ-ಹೊಸನಗರ ಕ್ಷೇತ್ರದಲ್ಲಿ. ಅದು ಅವರ ತಾಲೂಕಲ್ಲ, ಅಲ್ಲಿನ ಗೇಣಿದಾರರು ಅವರ ಜಾತಿಯೂ ಅಲ್ಲ. ಕೈಯಲ್ಲಿ ದುಡ್ಡಂತೂ ಇರಲಿಲ್ಲ. ವೋಟಿನ ಜೊತೆಗೆ ಒಂದು ನೋಟನ್ನೂ ಕೊಡಿ ಅಂತ ಜನರನ್ನೇ ಕೇಳಿಕೊಂಡು ಮನೆಮನೆಗೆ ಹೋದರು. ಮಲೆನಾಡಿನಲ್ಲಿ ಇವತ್ತಿಗೂ ನೆನಪಿಸಿಕೊಳ್ಳುವ ಪ್ರಚಾರ ಅದು. ದುಡ್ಡಿಗಾಗಿ ಮಾತ್ರ ಮಾಡಿದ್ದು ಅಂದುಕೊಂಡರೆ ಅರ್ಧವೇ ಅರ್ಥವಾದ ಹಾಗೆ. ತನ್ನ ಕೈಯಾರೆ ನೋಟು ಕೊಟ್ಟವನು ಅಭ್ಯರ್ಥಿಯನ್ನು ತನ್ನವನು ಅಂದುಕೊಳ್ಳುತ್ತಾನೆ, ನಾಳೆ ಲೆಕ್ಕ ಕೇಳುವ ಹಕ್ಕೂ ಅವನಿಗಿರುತ್ತದೆ.

ಆ ಚುನಾವಣೆ ನಡೆದ ಬಗೆಯೂ ಮುಖ್ಯ. ಮೈಸೂರು ಸಂಸ್ಥಾನದಲ್ಲಿ ಪ್ರಜಾಪ್ರತಿನಿಧಿ ಸಭೆಗೆ ವೋಟು ಹಾಕೋಕೆ ಕಂದಾಯ ಕಟ್ಟಿರಬೇಕಿತ್ತು, ಇಲ್ಲವೇ ಓದಿರಬೇಕಿತ್ತು. ಗೇಣಿದಾರನಿಗೆ ಅಲ್ಲಿ ಜಾಗವಿರಲಿಲ್ಲ. 1952ರಲ್ಲಿ ಮೊದಲ ಸಲ ಒಡೆಯನಿಗೂ ಒಂದೇ ವೋಟು, ಒಕ್ಕಲಿಗೂ ಒಂದೇ ವೋಟು. ಆಗ ಪ್ರತಿ ಅಭ್ಯರ್ಥಿಗೂ ಬೇರೆ ಬೇರೆ ಪೆಟ್ಟಿಗೆ, ಅದರ ಮೇಲೆ ಚಿಹ್ನೆ. ಓದು ಬಾರದವರೂ ಚಿಹ್ನೆ ನೋಡಿ ಚೀಟಿಯನ್ನು ಪೆಟ್ಟಿಗೆಗೆ ಹಾಕಬಹುದಿತ್ತು. ಪರದೆ ಹಿಂದೆ ಯಾರ ಪೆಟ್ಟಿಗೆಗೆ ಹಾಕಿದ್ರು ಅಂತ ಒಡೆಯರಿಗೆ ಗೊತ್ತಾಗುವ ದಾರಿಯೇ ಇರಲಿಲ್ಲ. ಹಗಲಲ್ಲಿ ಒಡೆಯರ ಎದುರು ತಲೆ ಎತ್ತದ ಜನ ಆ ಪರದೆ ಹಿಂದೆ ತೀರ್ಮಾನ ಹೇಳಿದರು. ಗೋಪಾಲಗೌಡರು ಗೆದ್ದರು.

ರಾಜ್ಯದ ಲೆಕ್ಕ ನೋಡಿದರೆ ಇದೊಂದು ಚಿಲ್ಲರೆ ಗೆಲುವು. ಆಗಿನ ಮೈಸೂರು ವಿಧಾನಸಭೆಯ 99 ಸ್ಥಾನಗಳಲ್ಲಿ ಕಾಂಗ್ರೆಸ್‌ಗೆ 74, ಸೋಷಲಿಸ್ಟರಿಗೆ 3. ಆದರೆ ಅದೇ ಜಿಲ್ಲೆಯ ಇನ್ನೊಂದು ಫಲಿತಾಂಶವನ್ನೂ ಪಕ್ಕಕ್ಕಿಟ್ಟು ನೋಡಿ. ತೀರ್ಥಹಳ್ಳಿ ಸೀಮೆಯಿಂದ ಗೆದ್ದವರು ಕಾಂಗ್ರೆಸ್‌ನ ಕಡಿದಾಳ್ ಮಂಜಪ್ಪ. ಅದೇ ತಾಲೂಕಿನವರು, ಅದೇ ಜಾತಿಯವರು. ಕಂದಾಯ ಮಂತ್ರಿಯಾಗಿ 1952ರ ಗೇಣಿ ಕಾಯ್ದೆ ತಂದವರು ಅವರೇ. ಬೀದಿಯಲ್ಲಿ ಹುಟ್ಟಿದ ಒತ್ತಡಕ್ಕೆ ಸರ್ಕಾರದ ಒಳಗೂ ಕಿವಿಗೊಡುವವರು ಇದ್ದರು. ಕಾಗೋಡಿನ ರೈತರಿಗೆ ಬೇಕಾದದ್ದೆಲ್ಲ ಅದರಲ್ಲಿ ಇರಲಿಲ್ಲ, ನಿಜ. ಹಾಗಂತ ಮಂಜಪ್ಪನವರ ಪಾಲನ್ನು ಅಳಿಸಿ ಗೋಪಾಲಗೌಡರನ್ನು ದೊಡ್ಡವರು ಮಾಡುವ ಅಗತ್ಯವಿಲ್ಲ.

ಸೋತ ಐದು ವರ್ಷ

1955ರ ಕೊನೆಗೆ ಸಮಾಜವಾದಿಗಳು ಒಡೆದರು. ಲೋಹಿಯಾ ಪ್ರಜಾ ಸೋಷಲಿಸ್ಟ್ ಪಾರ್ಟಿಯಿಂದ ಹೊರಬಂದು ಬೇರೆ ಪಕ್ಷ ಮಾಡಿದರು. ಗೋಪಾಲಗೌಡರು ಲೋಹಿಯಾ ಕಡೆ ಹೋದರು. ಸೀಟಿನ ಲೆಕ್ಕದಲ್ಲಿ ಇದು ಪೆಟ್ಟು. 1957ರಲ್ಲಿ ಪ್ರಜಾ ಸೋಷಲಿಸ್ಟರು ರಾಜ್ಯದಲ್ಲಿ 18 ಗೆದ್ದರೆ, ಗೋಪಾಲಗೌಡರು ಸೋತು ಸದನದಿಂದ ಹೊರಗುಳಿದರು. ತೀರ್ಥಹಳ್ಳಿ ಕಾಂಗ್ರೆಸ್‌ನ ಎ.ಆರ್. ಬದರೀನಾರಾಯಣ ಅವರ ಪಾಲಾಯಿತು.

ವಿಪರ್ಯಾಸ ಏನೆಂದರೆ, 1961ರ ಭೂಸುಧಾರಣೆ ಕಾಯ್ದೆ ವಿಧಾನಸಭೆಯ ಮುಂದೆ ಬಂದಿದ್ದು ಇದೇ ಅವಧಿಯಲ್ಲಿ. ಗೇಣಿಯ ಪ್ರಶ್ನೆಯಿಂದಲೇ ರಾಜಕೀಯಕ್ಕೆ ಬಂದ ಮನುಷ್ಯ ಆ ಚರ್ಚೆಯಲ್ಲಿ ಶಾಸಕನಾಗಿ ಕೂತಿರಲಿಲ್ಲ. ಸ್ವಂತ ಸಾಗುವಳಿಗೆ ಬೇಕು ಅಂತ ಹೇಳಿ ಒಡೆಯರು ಗೇಣಿದಾರರಿಂದ ಜಮೀನು ಬಿಡಿಸಿಕೊಳ್ಳೋದಕ್ಕೆ ಆ ಕಾಯ್ದೆ ದಾರಿ ಇಟ್ಟಿತ್ತು. ಅದು ಜಾರಿಗೆ ಬಂದದ್ದು 1965ರಲ್ಲಿ. ಅಷ್ಟರೊಳಗೆ ಜಮೀನನ್ನು ಮಕ್ಕಳು, ನೆಂಟರ ಹೆಸರಿಗೆ ಹಂಚಿಕೊಳ್ಳಲು ಬೇಕಾದಷ್ಟು ಸಮಯ ಸಿಕ್ಕಿತ್ತು.

1962ರಲ್ಲಿ ಗೋಪಾಲಗೌಡರು ತೀರ್ಥಹಳ್ಳಿಯಿಂದ ಗೆದ್ದು ವಾಪಸ್ ಬಂದರು. 208 ಜನರ ಸದನದಲ್ಲಿ ಅವರ ಪಕ್ಷದಿಂದ ಗೆದ್ದವರು ಅವರೊಬ್ಬರೇ. ಒಬ್ಬನೇ ಶಾಸಕ ಏನು ಮಾಡಬಹುದು ಅನ್ನೋ ಪ್ರಶ್ನೆಗೆ ಆ ಐದು ವರ್ಷ ಒಂದು ಉತ್ತರ. ಭೂಮಿಯ ಪ್ರಶ್ನೆ ಎತ್ತಿದರು, ಆಡಳಿತ ಕನ್ನಡದಲ್ಲಿ ನಡೆಯಬೇಕು ಅಂದರು, ರಾಜ್ಯಕ್ಕೆ ಮೈಸೂರಿನ ಬದಲು ಕರ್ನಾಟಕ ಅನ್ನೋ ಹೆಸರಿರಬೇಕು ಅಂತ ವಾದಿಸಿದರು. ಅವರ ಸಿಟ್ಟು ಸದನದಲ್ಲಿ ಹೆಸರುವಾಸಿಯಾಗಿತ್ತು. ಆದರೂ ಅವರು ಎದ್ದು ನಿಂತರೆ ಆಡಳಿತ ಪಕ್ಷದವರೂ ಕೇಳಿಸಿಕೊಳ್ಳುತ್ತಿದ್ದರು.

1967ರಲ್ಲಿ ಮತ್ತೆ ಗೆದ್ದರು. ಈ ಸಲ ಸಂಯುಕ್ತ ಸೋಷಲಿಸ್ಟ್ ಪಾರ್ಟಿಗೆ 216ರಲ್ಲಿ 6 ಸ್ಥಾನ. ಅದೇ ವರ್ಷ ಜೆ.ಎಚ್. ಪಟೇಲರು ಶಿವಮೊಗ್ಗದಿಂದ ಲೋಕಸಭೆಗೆ ಹೋದರು, ಬಂಗಾರಪ್ಪ ಮೊದಲ ಸಲ ಸೊರಬದಿಂದ ವಿಧಾನಸಭೆಗೆ ಬಂದರು. ಒಬ್ಬ ನಾಯಕನ ಸುತ್ತ ಇದ್ದದ್ದು ನಿಧಾನಕ್ಕೆ ಒಂದು ಜಿಲ್ಲೆಯ ರಾಜಕಾರಣವಾಗಿ ಹರಡುತ್ತಿತ್ತು.

ಗೆದ್ದವರ ಕೈಯಲ್ಲಿ ಸೋತವರ ಪ್ರಣಾಳಿಕೆ

1972ರ ಆ ಮೂರು ಸೀಟಿಗೆ ವಾಪಸ್ ಬರೋಣ. ಗೋಪಾಲಗೌಡರು ಕಣದಲ್ಲಿಲ್ಲದೆಯೂ ತೀರ್ಥಹಳ್ಳಿ ಸೋಷಲಿಸ್ಟರ ಕೈ ಬಿಡಲಿಲ್ಲ. ಸಾಗರದಲ್ಲಿ ಗೆದ್ದ ತಿಮ್ಮಪ್ಪ ಕಾಗೋಡಿನವರೇ, ದೀವರ ಸಮುದಾಯದವರು. ಗದ್ದೆಗೆ ಇಳಿದದ್ದಕ್ಕೆ ಜನ ಜೈಲಿಗೆ ಹೋದ ಊರಿನಿಂದ, 21 ವರ್ಷದ ನಂತರ, ಆ ಸಮುದಾಯದವನೇ ಶಾಸಕ. ಇಪ್ಪತ್ತು ವರ್ಷ ಒಬ್ಬ ಒಕ್ಕಲಿಗ ನಾಯಕ ದೀವರ ಗೇಣಿಯ ಪ್ರಶ್ನೆಯನ್ನು ತನ್ನದು ಮಾಡಿಕೊಂಡಿದ್ದರ ಫಲ ಇದು. ನಮ್ಮ ಜಾತಿ ಲೆಕ್ಕಾಚಾರದ ಪಂಡಿತರು ಇದನ್ನು ಯಾವ ಕಾಲಮ್ಮಿಗೆ ಹಾಕ್ತಾರೋ ಗೊತ್ತಿಲ್ಲ.

ಎರಡು ವರ್ಷ ಕಳೆಯುವುದರೊಳಗೆ ಅರಸು ಸರ್ಕಾರ ಭೂಸುಧಾರಣೆ ಕಾಯ್ದೆಗೆ ದೊಡ್ಡ ತಿದ್ದುಪಡಿ ತಂದಿತು. 1974ರ ಮಾರ್ಚ್ 1ರಿಂದ ಗೇಣಿ ಪದ್ಧತಿಯೇ ರದ್ದು, ಗೇಣಿ ಜಮೀನು ಸರ್ಕಾರಕ್ಕೆ. ಡಿಕ್ಲರೇಷನ್ ಹಾಕಿದ ಗೇಣಿದಾರರಿಗೆ ಹಕ್ಕು ಕೊಡಲು ಭೂ ನ್ಯಾಯಮಂಡಳಿಗಳು. ವಕೀಲರಿಗೆ ಅಲ್ಲಿ ಪ್ರವೇಶವಿರಲಿಲ್ಲ, ದುಡ್ಡಿದ್ದವರ ಕೈ ಮೇಲಾಗಬಾರದು ಅಂತ. 1973ರ ನವೆಂಬರ್ 1ರಂದು ರಾಜ್ಯದ ಹೆಸರೂ ಕರ್ನಾಟಕವಾಗಿತ್ತು. ಗೋಪಾಲಗೌಡರು ಸದನದಲ್ಲಿ ಕೇಳುತ್ತಿದ್ದ ಎರಡು ದೊಡ್ಡ ಬೇಡಿಕೆಗಳು ಅವರು ಸತ್ತ ಎರಡು ವರ್ಷದೊಳಗೆ ಈಡೇರಿದವು. ಈಡೇರಿಸಿದ್ದು ಅವರ ಪಕ್ಷವಲ್ಲ, ಅವರು ಜೀವನವಿಡೀ ಎದುರಿಸಿದ ಪಕ್ಷ.

ಹಾಗಾದರೆ ಗೆದ್ದವರು ಯಾರು? ಫಲಿತಾಂಶ ಅಂದರೆ ಸೀಟು ಮಾತ್ರ ಅಂದುಕೊಂಡರೆ ಈ ಪ್ರಶ್ನೆಗೆ ಉತ್ತರವೇ ಇಲ್ಲ. ಮೂರು ಸೀಟಿನ ಪಕ್ಷ ಸರ್ಕಾರ ನಡೆಸಲಾರದು. ಆದರೆ 165 ಸೀಟಿನ ಸರ್ಕಾರ ಯಾವ ಪ್ರಶ್ನೆಗೆ ಉತ್ತರ ಕೊಡಲೇಬೇಕು ಅನ್ನೋದನ್ನು ಅದು ಗೊತ್ತುಮಾಡಬಲ್ಲದು. ಇದಕ್ಕೆ ಎರಡು ದಶಕ ಬೇಕಾಯಿತು, ನಡುವೆ ಒಂದು ಸೋಲು, ಒಂದು ಒಡಕು, ನೂರಾರು ಬಂಧನ.

ಹೊಗಳುವಾಗ ಬಿಟ್ಟುಹೋಗುವ ಮಾತೂ ಒಂದಿದೆ. ಉಳುವವನೇ ಹೊಲದೊಡೆಯ ಅನ್ನೋ ಕಾನೂನಿನಲ್ಲಿ ಲಾಭವಾದದ್ದು ಗೇಣಿ ಮಾಡುತ್ತಿದ್ದವರಿಗೆ. ಗೇಣಿಯೂ ಸಿಗದೆ ಕೂಲಿಗೆ ಹೋಗುತ್ತಿದ್ದವರಿಗೆ, ಅದರಲ್ಲೂ ದಲಿತರಿಗೆ ಸಿಕ್ಕಿದ್ದು ಬಹಳ ಕಮ್ಮಿ. ಕಾಗೋಡಿನ ಪ್ರಶ್ನೆ ಒಕ್ಕಲಿನ ಪ್ರಶ್ನೆಯಾಗಿತ್ತು. ಕೂಲಿಯವರ ಪ್ರಶ್ನೆ ಹಾಗೇ ಉಳಿಯಿತು.

2023ರ ಪಟ್ಟಿ ಹಿಡಿದು

ಯು.ಆರ್. ಅನಂತಮೂರ್ತಿಯವರ ಅವಸ್ಥೆ ಕಾದಂಬರಿಯ ಕೃಷ್ಣಪ್ಪಗೌಡನಿಗೆ ಗೋಪಾಲಗೌಡರ ಬದುಕೇ ಪ್ರೇರಣೆ. ಕಾದಂಬರಿಯಿಂದ ಅವರು ಓದುಗರಿಗೆ ಉಳಿದರು. ರಾಜಕಾರಣಕ್ಕೆ ಎಷ್ಟು ಉಳಿದರು?

2023ರ ವಿಧಾನಸಭಾ ಚುನಾವಣೆಯಲ್ಲಿ ಶಿವಮೊಗ್ಗ ಜಿಲ್ಲೆಯ ಏಳು ಸ್ಥಾನಗಳು ಹಂಚಿಹೋದದ್ದು ಹೀಗೆ: ಬಿಜೆಪಿಗೆ 3, ಕಾಂಗ್ರೆಸ್‌ಗೆ 3, ಜೆಡಿಎಸ್‌ಗೆ 1. ಸೊರಬದಲ್ಲಿ ಬಂಗಾರಪ್ಪನವರ ಮಗ, ಶಿಕಾರಿಪುರದಲ್ಲಿ ಯಡಿಯೂರಪ್ಪನವರ ಮಗ. ತೀರ್ಥಹಳ್ಳಿಯಲ್ಲಿ ಗೆದ್ದವರ ಹೆಸರಿನಲ್ಲಿ ಆರಗ ಇದೆ, ಪಕ್ಷ ಬಿಜೆಪಿ. ಕರ್ನಾಟಕದಲ್ಲಿ ವಿಧಾನಸಭಾ ಅಭ್ಯರ್ಥಿಯ ಖರ್ಚಿಗೆ ಚುನಾವಣಾ ಆಯೋಗ ಹಾಕಿದ ಮಿತಿಯೇ 40 ಲಕ್ಷ ರೂಪಾಯಿ. ನಿಜವಾದ ಖರ್ಚು ಎಷ್ಟು ಅಂತ ಯಾರಿಗೂ ಹೇಳಿಕೊಡಬೇಕಿಲ್ಲ. ಮತದಾರನಿಂದ ನೋಟು ಕೇಳಿದ ಜಿಲ್ಲೆಯಲ್ಲೂ ಈಗ ನೋಟು ಹರಿಯುವ ದಿಕ್ಕು ಬೇರೆ.

ಭೂಮಿಯ ಪ್ರಶ್ನೆ ಮಾತ್ರ ಮುಗಿದಿಲ್ಲ. ಶರಾವತಿ ಮುಳುಗಡೆಯಿಂದ ಎದ್ದು ಬಂದ ಕುಟುಂಬಗಳು ಹಕ್ಕುಪತ್ರಕ್ಕಾಗಿ ಇನ್ನೂ ಕಚೇರಿ ಅಲೆಯುತ್ತಿವೆ. ಬಗರ್‌ಹುಕುಂ ಅರ್ಜಿಗಳು ತಾಲೂಕು ಕಚೇರಿಯಲ್ಲೇ ಕೂತಿವೆ. ಕೃಷಿಕರಲ್ಲದವರು ಕೃಷಿ ಭೂಮಿ ಕೊಳ್ಳದಂತೆ ಇದ್ದ ತಡೆಯನ್ನು 2020ರ ತಿದ್ದುಪಡಿ ತೆಗೆದುಹಾಕಿದೆ. ಕೊಳಗ ಹೋಗಿದೆ, ಅಳತೆಯ ಜಗಳ ಹೋಗಿಲ್ಲ.

ಮುಂದಿನ ಚುನಾವಣೆಯ ರಾತ್ರಿ ಟಿವಿ ಪರದೆಯಲ್ಲಿ ಪಕ್ಷಗಳ ಸೀಟು ಏರಿಳಿಯುವಾಗ ನಿಮ್ಮ ಜಿಲ್ಲೆಯ ಪಟ್ಟಿಯನ್ನೂ ತೆರೆದು ನೋಡಿ. ಯಾರು ಗೆದ್ದರು ಅನ್ನೋದರ ಜೊತೆಗೆ, ಯಾವ ಪ್ರಶ್ನೆ ಇಟ್ಟುಕೊಂಡು ನಿಂತಿದ್ದರು ಅಂತಲೂ ಕೇಳಿ. ಪ್ರಶ್ನೆಯೇ ಇಲ್ಲದೆ ನೂರು ಸೀಟು ಗೆದ್ದವರನ್ನು ಐದು ವರ್ಷಕ್ಕೆ ಜನ ಮರೀತಾರೆ. 99ರಲ್ಲಿ ಮೂವರಲ್ಲಿ ಒಬ್ಬರಾಗಿ, ಆಮೇಲೆ 208ರಲ್ಲಿ ಒಬ್ಬರೇ ಆಗಿ ಕೂತಿದ್ದ, ಒಂದು ದಿನವೂ ಮಂತ್ರಿಯಾಗದ ಗೋಪಾಲಗೌಡರ ಹೆಸರನ್ನು ಮಲೆನಾಡು ಇನ್ನೂ ಹೇಳುತ್ತಿದೆ.