ಕಡಲಿಲ್ಲದ ದೊರೆಯ ಕಾಗದದ ಹಣ

ಸೇಡಂ, ಚಿತ್ತಾಪುರ, ಚಿಂಚೋಳಿಯ ಸಂತೆಗಳಲ್ಲಿ ಒಂದು ಕಾಲಕ್ಕೆ ನಡೆಯುತ್ತಿದ್ದುದು ನಿಜಾಮರ ಹಾಲಿ ಸಿಕ್ಕಾ. ಗಡಿ ದಾಟಿದರೆ ಬ್ರಿಟಿಷರ ಕಲ್ದಾರ್. ಹೈದರಾಬಾದಿನ ರೈಲು ಮುಂಬಯಿಯ ಹಾದಿಯನ್ನು ಕೂಡುತ್ತಿದ್ದ ವಾಡಿಯ ವರ್ತಕರಿಗೆ ಈ ಎರಡೂ ಹಣ ಬೇಕಿತ್ತು.

1886ರಲ್ಲಿ ಜನಿಸಿದ ಮೀರ್ ಉಸ್ಮಾನ್ ಅಲಿ ಖಾನ್ 1911ರಲ್ಲಿ ಪಟ್ಟಕ್ಕೆ ಬಂದರು. ಮಹಾಯುದ್ಧದಿಂದ ಬೆಳ್ಳಿಗೆ ಬರ ಬಂದಾಗ, 1918ರಲ್ಲಿ ಅವರ ಸರ್ಕಾರ ಕಾಗದದ ನೋಟು ಹೊರಡಿಸಿತು. ಉರ್ದುವಿನೊಡನೆ ತೆಲುಗು, ಮರಾಠಿ, ಕನ್ನಡದಲ್ಲೂ ಅದರ ಮೌಲ್ಯ ಅಚ್ಚಾಗಿತ್ತು. ಅದೇ ವರ್ಷ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನಾ ಭಾಷೆ ಮಾತ್ರ ಉರ್ದು. ತೆರಿಗೆ ಕಟ್ಟುವ ರೈತನ ಲಿಪಿಗೆ ನೋಟಿನಲ್ಲಿ ದೊರೆತ ಜಾಗ ಅವನ ಮಗನ ಉನ್ನತ ವಿದ್ಯೆಯಲ್ಲಿ ದೊರೆಯಲಿಲ್ಲ. ಆ ದೊರೆತನದ ದೊಡ್ಡ ಕೊರತೆ ಇದೇ ಎಂದು ನನ್ನ ಎಣಿಕೆ.

ಸಂಸ್ಥಾನಕ್ಕೆ ಸಮುದ್ರತೀರವಿರಲಿಲ್ಲ. ಲಂಡನ್ನಿನಲ್ಲಿ ಅಚ್ಚಾದ ನೋಟು ಪರರ ಹಡಗಿನಲ್ಲಿ, ಪರರ ಬಂದರಿಗೇ ಬರಬೇಕು. 1922ರ ಮೇ 20ರಂದು, ಮುಂಬಯಿಗೆ ಹೊರಟಿದ್ದ ‘ಈಜಿಪ್ಟ್’ ಹಡಗಿಗೆ ಫ್ರಾನ್ಸಿನ ಪಶ್ಚಿಮ ತೀರದಾಚೆ ಮಂಜಿನಲ್ಲಿ ಮತ್ತೊಂದು ಹಡಗು ಡಿಕ್ಕಿ ಹೊಡೆಯಿತು. ಸುಮಾರು ಇಪ್ಪತ್ತು ನಿಮಿಷಗಳಲ್ಲಿ ಅದು ಮುಳುಗಿ, 80ಕ್ಕೂ ಹೆಚ್ಚು ಜನ ಸತ್ತರು. ಇಟಲಿಯ ಮುಳುಗುಗಾರರು 1930ರಲ್ಲಿ ಹಡಗನ್ನು ಪತ್ತೆ ಮಾಡಿದರು. ಮುಂದೆ ಚಿನ್ನ ಎತ್ತುವಾಗ ನಿಜಾಮರ ನೋಟಿನ ಕಟ್ಟುಗಳೂ ಮೇಲೆ ಬಂದವು. ಕಡಲಿನ ತಳದಲ್ಲಿ ಕನ್ನಡದ ಅಕ್ಷರಗಳು!

1937ರಲ್ಲಿ ಜಗತ್ತಿನ ಅತಿ ಶ್ರೀಮಂತರೆನಿಸಿದ್ದ ಅವರು 1948ರಲ್ಲಿ ಅಧಿಕಾರ ಕಳೆದುಕೊಂಡು, 1950ರಿಂದ 1956ರವರೆಗೆ ರಾಜಪ್ರಮುಖರಾಗಿದ್ದರು. 1956ರಲ್ಲಿ ಕಲಬುರಗಿ ಮೈಸೂರು ರಾಜ್ಯಕ್ಕೆ ಸೇರಿತು. 1967ರಲ್ಲಿ ಅವರು ತೀರಿಕೊಳ್ಳುವ ವೇಳೆಗೆ ಅವರ ನೋಟು ರದ್ದಾಗಿ ಎಂಟು ವರ್ಷಗಳಾಗಿದ್ದವು.