ನರಕೋಶದ ಚಿತ್ರಕಾರ ರಮೋನ್ ಇ ಕಹಾಲ್

ಜೀವಶಾಸ್ತ್ರ ಪರೀಕ್ಷೆಗೆಂದು ನಾವೆಲ್ಲ ನರಕೋಶದ ಚಿತ್ರ ಬಿಡಿಸಿ ಭಾಗಗಳನ್ನು ಗುರುತಿಸುತ್ತೇವೆ. ಆ ಕೋಶಗಳು ಬಿಡಿಬಿಡಿಯಾಗಿವೆ ಎಂದು ತೋರಿಸಿಕೊಟ್ಟ ಸಾಂಟಿಯಾಗೊ ರಮೋನ್ ಇ ಕಹಾಲ್ ಅವರನ್ನು ನನ್ನ ಗೆಳೆಯ ಗೆಳತಿಯರಿಗೆ ಪರಿಚಯಿಸಲು ಬಯಸುತ್ತೇನೆ.

ಕಹಾಲ್ 1852ರ ಮೇ 1ರಂದು ಸ್ಪೇನ್ ದೇಶದ ಒಂದು ಪುಟ್ಟ ಹಳ್ಳಿಯಲ್ಲಿ ಹುಟ್ಟಿದರು. ಬಾಲ್ಯದಿಂದಲೂ ಅವರಿಗೆ ಚಿತ್ರ ಬಿಡಿಸುವ ಹುಚ್ಚು. ವೈದ್ಯರಾಗಿದ್ದ ತಂದೆಗೆ ಅದು ಹಿಡಿಸಲಿಲ್ಲ. ಓದಿನಲ್ಲಿ ಮನಸ್ಸಿಡದ ಮಗನನ್ನು ಕ್ಷೌರದಂಗಡಿಗೆ, ಆಮೇಲೆ ಬೂಟು ಹೊಲಿಯುವಲ್ಲಿಗೆ ಕೆಲಸಕ್ಕೆ ಹಾಕಿದರು. ಕೊನೆಗೆ ಸ್ಮಶಾನದಿಂದ ಹಳೆಯ ಮೂಳೆಗಳನ್ನು ತಂದು ತಾವೇ ಅಂಗರಚನೆ ಕಲಿಸತೊಡಗಿದರು. ಮೂಳೆಗಳ ಚಿತ್ರ ಬಿಡಿಸುತ್ತಲೇ ಹುಡುಗನಿಗೆ ವೈದ್ಯಶಾಸ್ತ್ರ ರುಚಿಸಿತು. 1873ರಲ್ಲಿ ಕಹಾಲ್ ವೈದ್ಯರಾದರು. ಸೇನೆಯ ಜೊತೆ ಕ್ಯೂಬಾಕ್ಕೆ ಹೋಗಿ, ಮಲೇರಿಯಾದಿಂದ ಸೊರಗಿ ಮರಳಿದರು. ಉಳಿಸಿದ ಸಂಬಳದಲ್ಲಿ ಒಂದು ಸೂಕ್ಷ್ಮದರ್ಶಕ ಕೊಂಡರು.

ಇಟಲಿಯ ಗಾಲ್ಗಿ (ನಮ್ಮ ಪಾಠದ ಗಾಲ್ಗಿ ಸಂಕೀರ್ಣದವರೇ) ಬೆಳ್ಳಿಯ ಲವಣದಿಂದ ನರಕೋಶಗಳಿಗೆ ಕಪ್ಪು ಬಣ್ಣ ಹಿಡಿಸುವ ವಿಧಾನ ಕಂಡುಹಿಡಿದಿದ್ದರು. ಕಹಾಲ್ 1887ರಲ್ಲಿ ಅದನ್ನು ನೋಡಿ, ಸುಧಾರಿಸಿ, ತಾವು ಕಂಡದ್ದನ್ನು ಕೈಯಿಂದಲೇ ಚಿತ್ರಿಸಿದರು. ನರಮಂಡಲವೆಲ್ಲ ಒಂದೇ ಬಲೆ ಎಂದು ಗಾಲ್ಗಿ ನಂಬಿದ್ದರು. ಅಲ್ಲ, ಪ್ರತಿ ಕೋಶವೂ ಬೇರೆಬೇರೆ ಎಂದು ಕಹಾಲ್ 1888ರಲ್ಲಿ ಸಾರಿದರು. ಬರಹ ಪ್ರಕಟಿಸಲು ಸ್ವಂತ ಹಣದಿಂದ ಪತ್ರಿಕೆಯನ್ನೇ ಹೊರಡಿಸಿದರು. 1906ರಲ್ಲಿ ಇಬ್ಬರಿಗೂ ಒಟ್ಟಿಗೆ ನೊಬೆಲ್ ಬಂತು. ಆ ವೇದಿಕೆಯಲ್ಲೂ ಗಾಲ್ಗಿ ಒಪ್ಪಲಿಲ್ಲ!

ನನಗೆ ಬಹಳ ಹಿಡಿಸಿದ್ದು 1894ರಲ್ಲಿ ಕಹಾಲ್ ಲಂಡನ್ನಿನಲ್ಲಿ ಮಂಡಿಸಿದ ವಿಚಾರ. ಅಭ್ಯಾಸ ಮಾಡಿದಷ್ಟೂ ನರಕೋಶಗಳ ನಡುವಿನ ಸಂಪರ್ಕ ಬೆಳೆಯುತ್ತದೆ ಎಂದು ಅವರು ಊಹಿಸಿದರು. ಸೈಕಲ್ ಕಲಿಯುವಾಗ ಮೊದಲು ಬೀಳುತ್ತೇವೆ, ತಿಂಗಳಾದ ಮೇಲೆ ಯೋಚಿಸದೆಯೇ ತುಳಿಯುತ್ತೇವೆ. ನಡುವೆ ಬದಲಾದದ್ದು ಕಾಲಿಗಿಂತ ಹೆಚ್ಚಾಗಿ ಮೆದುಳು.

ಆದರೆ ದೊಡ್ಡವರ ಮೆದುಳಿನಲ್ಲಿ ಸತ್ತ ನರಕೋಶ ಮತ್ತೆ ಹುಟ್ಟದು ಎಂದೂ ಕಹಾಲ್ ಬರೆದರು. ಹಾಗಾದರೆ ಲಕ್ವ ಹೊಡೆದವರ ಗತಿಯೇನು? 1996ರಲ್ಲಿ ಅಮೆರಿಕದ ರಾಂಡಾಲ್ಫ್ ನೂಡೋ ತಂಡ ಮಂಗಗಳಲ್ಲಿ ಇದನ್ನು ಪರೀಕ್ಷಿಸಿತು. ಮೆದುಳಿನಲ್ಲಿ ಕೈಯನ್ನು ಆಡಿಸುವ ಭಾಗದ ಒಂದಿಷ್ಟು ಹಾಳಾದ ಮೇಲೂ, ಸಣ್ಣ ಗುಳಿಯಿಂದ ಆಹಾರ ಹೆಕ್ಕುವುದನ್ನು ಮತ್ತೆಮತ್ತೆ ಮಾಡಿಸಿದಾಗ ಉಳಿದ ಭಾಗ ಕೈಯ ಕೆಲಸವನ್ನು ಬಿಟ್ಟುಕೊಡಲಿಲ್ಲ. ಸತ್ತ ಕೋಶ ಬದುಕಲಿಲ್ಲ, ಉಳಿದ ಕೋಶಗಳು ಕಲಿತವು.

ನಮ್ಮ ಅಜ್ಜನಿಗೆ ಲಕ್ವ ಆದಾಗ ಫಿಸಿಯೋಥೆರಪಿಯವರು ದಿನವೂ ಲೋಟ ಎತ್ತಿ ಇಡಿಸುತ್ತಿದ್ದರು. ಇದೇನು ಮಕ್ಕಳಾಟ ಎಂದು ಅಜ್ಜ ಬೇಸರಪಡುತ್ತಿದ್ದರು. ಅದು ಆಟವಲ್ಲ, ಮೆದುಳಿಗೆ ಪಾಠ ಎಂದು ನಾನೀಗ ಅವರಿಗೆ ವಿವರಿಸಬಲ್ಲೆ. ಎಲ್ಲರಿಗೂ ಪೂರ್ತಿ ಗುಣವಾಗುವುದಿಲ್ಲ, ನಿಜ. ಆದರೂ ಮಾಡದೆ ಬಿಟ್ಟ ಕೈ ತಾನಾಗಿ ಕಲಿಯುವುದು ಕಷ್ಟ.

ಕಹಾಲ್ 1934ರ ಅಕ್ಟೋಬರ್ 17ರಂದು ಮ್ಯಾಡ್ರಿಡ್‌ನಲ್ಲಿ ತೀರಿಕೊಂಡರು. ನರಕೋಶಗಳ ನಡುವಿನ ಅಂತರವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಕಣ್ಣಿಗೆ ಕಾಣಿಸಿದ್ದು 1950ರ ದಶಕದಲ್ಲಿ. ಅವರು ಬಿಡಿಸಿದ್ದ ಚಿತ್ರವೇ ಸರಿಯಾಗಿತ್ತು.